ನೀಲಿ ಬಾವುಟದ ಮೇಲಿನ ಇಂಟು ಮಾರ್ಕ್: ಮೋಡದಲ್ಲಿ ಕಂಡಿದ್ದಾ, ಅಂಗಿಗೆ ಹೊಲಿದಿದ್ದಾ?

ಮಲೆನಾಡ ಮಳೆ:
ಎಲ್ಲರಿಗೂ ನಮಸ್ಕಾರ. ನಾವು ಎಡಿನ್‌ಬರಾಗೆ ಬಂದು ಎರಡು ವರ್ಷವಾಯಿತು. ಇಲ್ಲಿ ನವೆಂಬರ್ 30 ಸಂತ ಆಂಡ್ರ್ಯೂ ದಿನ. ಅದಕ್ಕೆ ಸ್ಕಾಟ್ಲೆಂಡ್ ಬಾವುಟದ ಬಗ್ಗೆ ಒಂದು ಚಾರ್ಟ್ ಮಾಡಿಕೊಂಡು ಬನ್ನಿ ಎಂದು ಮಗಳ ಶಾಲೆಯಲ್ಲಿ ಹೇಳಿದ್ದಾರೆ. ನೀಲಿ ಬಟ್ಟೆ, ಮೂಲೆಯಿಂದ ಮೂಲೆಗೆ ಬಿಳಿ ಪಟ್ಟಿ. ನಮ್ಮ ಲೆಕ್ಕದ ಪುಸ್ತಕದ ಇಂಟು ಮಾರ್ಕ್ ಥರ.

ಟೀಚರ್ ಹೇಳಿದ ಕಥೆ ಹೀಗಿದೆ. ಕ್ರಿ.ಶ. 832ರಲ್ಲಿ ಇಲ್ಲಿನ ಹಳೆಯ ನಿವಾಸಿಗಳಾದ ಪಿಕ್ಟ್ ಜನರ ರಾಜ ಆಂಗಸ್, ಇಂಗ್ಲಿಷರ ಪೂರ್ವಜರಾದ ಆಂಗಲ್ ಜನರ ದೊಡ್ಡ ಸೈನ್ಯದ ಕೈಗೆ ಸಿಕ್ಕಿಬಿದ್ದ. ಗೆಲ್ಲಿಸಿದರೆ ನೀನೇ ನಮ್ಮ ನಾಡಿನ ಸಂತ ಎಂದು ಆಂಡ್ರ್ಯೂಗೆ ಹರಕೆ ಹೊತ್ತ. ನೀಲಿ ಆಕಾಶದಲ್ಲಿ ಬಿಳಿ ಮೋಡ ಇಂಟು ಮಾರ್ಕ್ ಹಾಗೆ ಮೂಡಿತು. ಗೆದ್ದ. ಅದೇ ಬಾವುಟವಾಯಿತು.

ಮಗಳು ಕೇಳುತ್ತಾಳೆ, "ಅಮ್ಮ, ಶಿಲುಬೆ ಅಂದ್ರೆ ಪ್ಲಸ್ ಥರ ಇರಬೇಕಲ್ವಾ? ಇದ್ಯಾಕೆ ವಾಲಿದೆ?" ನನಗೆ ಉತ್ತರ ಗೊತ್ತಿಲ್ಲ. ಮೋಡದ ಕಥೆ ನಿಜವಾ ಅಂತಲೂ ತಿಳಿಸಿ. ಶುಕ್ರವಾರದೊಳಗೆ ಚಾರ್ಟ್ ಮುಗಿಯಬೇಕು!

ಪಡುವಣ ಗಾಳಿ:
ವಾಲಿದ ಶಿಲುಬೆಗೆ ನಾನು ಹೇಳುತ್ತೇನೆ ಅಕ್ಕ. ನಮ್ಮದು ಮಂಗಳೂರು, ಮನೆಯಲ್ಲಿ ಕೊಂಕಣಿ. ನಾವು ಖುರಿಸ್ ಅನ್ನುತ್ತೇವೆ. ಕನ್ನಡ ಬೈಬಲ್‌ನಲ್ಲಿ ಈ ಆಂಡ್ರ್ಯೂ ಹೆಸರು ಅಂದ್ರೆಯ. ಪೇತ್ರನ ತಮ್ಮ. ಇಬ್ಬರೂ ಗಲಿಲಾಯದ ಮೀನುಗಾರರು. ಗ್ರೀಸ್ ದೇಶದ ಪತ್ರಾಸ್ ಎಂಬಲ್ಲಿ ಅಂದ್ರೆಯನನ್ನು ಶಿಲುಬೆಗೆ ಏರಿಸಿದರು ಎಂಬುದು ನಂಬಿಕೆ. ನನ್ನ ಗುರು ಸತ್ತಂಥ ಶಿಲುಬೆಯಲ್ಲೇ ಸಾಯುವಷ್ಟು ದೊಡ್ಡವನು ನಾನಲ್ಲ ಎಂದನಂತೆ. ಅದಕ್ಕೆ ಓರೆ ಶಿಲುಬೆ. ಪೇತ್ರನದೂ ಇದೇ ಥರದ ಕಥೆ, ಅವನನ್ನು ತಲೆಕೆಳಗಾಗಿ ಏರಿಸಿದರು ಅನ್ನುತ್ತಾರೆ.

ಆದರೆ ಒಂದು ವಿಷಯ. ಹಳೆಯ ಬರಹಗಳಲ್ಲಿ ಅಂದ್ರೆಯನ ಶಿಲುಬೆ ಇಂಟು ಮಾರ್ಕ್ ಆಗಿತ್ತು ಎಂದು ಎಲ್ಲೂ ಇಲ್ಲ. ಆ ಆಕಾರ ಗಟ್ಟಿಯಾಗಿದ್ದು ಮಧ್ಯಯುಗದಲ್ಲಿ. ಓದು ಬಾರದ ಜನಕ್ಕೆ ಚಿತ್ರದಲ್ಲಿ ಇವನು ಯಾವ ಸಂತ ಎಂದು ಗೊತ್ತಾಗಬೇಕಿತ್ತು. ಕೈಯಲ್ಲಿ ಚಕ್ರ ಇದ್ದರೆ ಸಂತ ಕ್ಯಾಥರೀನ್, ಕಬ್ಬಿಣದ ಜಾಲರಿ ಇದ್ದರೆ ಸಂತ ಲಾರೆನ್ಸ್. ಯಾವುದರಿಂದ ಹಿಂಸೆಪಟ್ಟರೋ ಅದೇ ಗುರುತು. ನಮ್ಮಲ್ಲಿ ಚಕ್ರ ಹಿಡಿದರೆ ವಿಷ್ಣು, ತ್ರಿಶೂಲ ಹಿಡಿದರೆ ಶಿವ ಅಂತ ಗುರುತಿಸುವುದಿಲ್ವಾ, ಹಾಗೆ.

ಅಂಚೆಚೀಟಿ ಅಜ್ಜ:
ಮಗಳ ಪ್ರಶ್ನೆ ಚೆನ್ನಾಗಿದೆ. ನನಗೆ ಅಂಚೆಚೀಟಿಯಿಂದ ಶುರುವಾದ ಬಾವುಟದ ಹುಚ್ಚು ನಲವತ್ತು ವರ್ಷದ್ದು, ಸ್ವಲ್ಪ ಉದ್ದ ಬರೆದರೆ ಬೇಜಾರಾಗಬೇಡಿ.

832ರ ಮೋಡಕ್ಕೆ ಆ ಕಾಲದ ಒಂದು ಸಾಲಿನ ದಾಖಲೆಯೂ ಇಲ್ಲ. ಕಥೆಯಲ್ಲಿ ಶತ್ರುವಿನ ಹೆಸರು ಅಥೆಲ್‌ಸ್ಟನ್. ಆ ಹೆಸರಿನ ಪ್ರಸಿದ್ಧ ಇಂಗ್ಲಿಷ್ ರಾಜ ಬದುಕಿದ್ದು ನೂರು ವರ್ಷ ಆಮೇಲೆ, 10ನೇ ಶತಮಾನದಲ್ಲಿ. ಕಥೆಯನ್ನು ಬರೆದಿಟ್ಟವರು ಇನ್ನೂ ಶತಮಾನಗಳ ನಂತರದವರು.

ದಾಖಲೆ ಸಿಗುವುದು ಎಲ್ಲಿಂದ ಅಂದರೆ 1286. ಆ ವರ್ಷ ರಾಜ ಸತ್ತಾಗ ನಾಡು ನೋಡಿಕೊಂಡವರ ಮುದ್ರೆಯಲ್ಲಿ ಆಂಡ್ರ್ಯೂ ತನ್ನ ಓರೆ ಶಿಲುಬೆಯ ಮೇಲಿದ್ದಾನೆ. ಮುಖ್ಯವಾದದ್ದು ಆಮೇಲಿನದು, 1385. ಇಂಗ್ಲೆಂಡ್ ಮೇಲೆ ಯುದ್ಧಕ್ಕೆ ಫ್ರಾನ್ಸ್ ಸೈನಿಕರು ಸ್ಕಾಟ್ಲೆಂಡಿಗೆ ಬಂದಿದ್ದರು. ಸ್ಕಾಟ್, ಫ್ರೆಂಚ್ ಎಲ್ಲರೂ ಎದೆ ಮೇಲೊಂದು ಬೆನ್ನ ಮೇಲೊಂದು ಬಿಳಿ ಆಂಡ್ರ್ಯೂ ಶಿಲುಬೆ ಹಾಕಿಕೊಳ್ಳಬೇಕು ಎಂದು ಆಜ್ಞೆಯಾಯಿತು. ಅದರಲ್ಲೊಂದು ಸೂಚನೆ ನನಗೆ ತುಂಬಾ ಇಷ್ಟ. ಅಂಗಿಯೇ ಬಿಳಿಯಾಗಿದ್ದರೆ ಒಂದು ತುಂಡು ಕಪ್ಪು ಬಟ್ಟೆಯ ಮೇಲೆ ಶಿಲುಬೆ ಹಾಕಿ ಅದನ್ನು ಹೊಲಿದುಕೊಳ್ಳಿ, ತುಂಡು ದುಂಡಗಿದ್ದರೂ ಸರಿ ಚೌಕವಿದ್ದರೂ ಸರಿ!

ಯೋಚಿಸಿ. ನೀಲಿ ಬಣ್ಣದ ಮಾತೇ ಅಲ್ಲಿಲ್ಲ. ಶಿಲುಬೆ ಎದ್ದು ಕಾಣಬೇಕು, ಅಷ್ಟೇ. ಗಲಾಟೆಯಲ್ಲಿ ನಮ್ಮವನನ್ನೇ ನಾವು ಕಡಿಯಬಾರದು, ಅದು ಚಿಂತೆ. ನೀಲಿ ಬಟ್ಟೆಯ ಮೇಲೆ ಬಿಳಿ ಓರೆ ಶಿಲುಬೆ ಬಾವುಟವಾಗಿ ಕಾಣುವುದು 1542ರ ಒಂದು ಲಾಂಛನಗಳ ಹಸ್ತಪ್ರತಿಯಲ್ಲಿ. ಬಾವುಟ ನೀಲಿಯಾದ ಮೇಲೆ ಕಥೆಯ ಆಕಾಶವೂ ನೀಲಿಯಾಯಿತು ಎಂಬುದು ನನ್ನ ಅನುಮಾನ.

ಸುಮ್ನೆ ಕೇಳ್ದೆ:
ಅಂದ್ರೆ ಇದು ಭಕ್ತಿ ಅಲ್ಲ, ಯೂನಿಫಾರ್ಮ್! ಕಬಡ್ಡಿಯಲ್ಲಿ ಒಂದು ತಂಡ ಕೈಗೆ ಟವೆಲ್ ಕಟ್ಟಿಕೊಂಡ ಹಾಗೆ.

ಪಡುವಣ ಗಾಳಿ:
ಎರಡೂ ಹೌದು ಕಣ್ರೀ. ಯುದ್ಧಕ್ಕೆ ಹೋಗುವವನು ಎದೆ ಮೇಲೆ ಸುಮ್ನೆ ಒಂದು ಟವೆಲ್ ಕಟ್ಟಿಕೊಳ್ಳಲಿಲ್ಲ, ತನ್ನನ್ನು ಕಾಯುವ ಸಂತನ ಗುರುತು ಹಾಕಿಕೊಂಡ. ಅವನಿಗೆ ಅದು ತಾಯಿತವೂ ಹೌದು.

ಸುಮ್ನೆ ಕೇಳ್ದೆ:
ಒಪ್ಪಿದೆ. ಹಾಗಾದರೆ ಇಂಗ್ಲೆಂಡಿನ ಕೆಂಪು ಪ್ಲಸ್? ಸಂತ ಜಾರ್ಜ್ ಇಂಗ್ಲೆಂಡಿನವನಾ?

ಅಂಚೆಚೀಟಿ ಅಜ್ಜ:
ಇಂಗ್ಲೆಂಡಿನ ನೆಲವನ್ನೇ ತುಳಿದವನಲ್ಲ. ಈಗಿನ ಟರ್ಕಿಯ ಕಪಡೋಸಿಯ ಕಡೆಯವನು, ರೋಮನ್ ಸೈನಿಕ, ಸುಮಾರು 303ರಲ್ಲಿ ಲಿಡ್ಡ ಎಂಬ ಊರಲ್ಲಿ ಕೊಂದರು ಎಂದು ಹೇಳುತ್ತಾರೆ. ಲಿಡ್ಡ ಈಗಿನ ಇಸ್ರೇಲಿನ ಲೋಡ್. ಕ್ಯಾಟಲೋನಿಯಾ, ಇಥಿಯೋಪಿಯಾ, ಜಾರ್ಜಿಯಾ ಎಲ್ಲರಿಗೂ ಅವನು ಬೇಕು. ಜಾರ್ಜಿಯಾದವರು 2004ರ ಜನವರಿಯಲ್ಲಿ ಹೊಸ ಬಾವುಟ ತಂದರು. ನಡುವೆ ಒಂದು ದೊಡ್ಡ ಕೆಂಪು ಪ್ಲಸ್, ನಾಲ್ಕು ಮೂಲೆಗೆ ನಾಲ್ಕು ಚಿಕ್ಕವು.

ಬಣ್ಣದ ತಮಾಷೆ ಕೇಳಿ. 1188ರಲ್ಲಿ ಜೆರುಸಲೇಮಿಗಾಗಿ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಡುವ ಮುಂಚೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ರಾಜರು ಕೂತು ಒಪ್ಪಂದ ಮಾಡಿಕೊಂಡರು. ಕೆಂಪು ಶಿಲುಬೆ ಫ್ರಾನ್ಸಿಗೆ, ಬಿಳಿ ಇಂಗ್ಲೆಂಡಿಗೆ! ಫ್ಲಾಂಡರ್ಸಿನವರಿಗೆ ಹಸಿರು. ಆಮೇಲೆ ಅದಲುಬದಲಾಯಿತು. 1277ರಲ್ಲಿ ಮೊದಲನೇ ಎಡ್ವರ್ಡ್ ವೇಲ್ಸ್ ಮೇಲೆ ಹೋದಾಗ ಅವನ ಕಾಲಾಳುಗಳ ತೋಳಪಟ್ಟಿಯಲ್ಲಿ ಜಾರ್ಜ್ ಶಿಲುಬೆ ಇತ್ತು. ಇದು ಗೊತ್ತಾಗಿರುವುದು ಅರಮನೆಯ ಖರ್ಚಿನ ಲೆಕ್ಕದಿಂದ. ಬಾವುಟದ ಇತಿಹಾಸ ಬೇಕಾದರೆ ಕವಿಗಳನ್ನು ಬಿಟ್ಟು ದರ್ಜಿ ಬಿಲ್ಲು ನೋಡಬೇಕು ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ.

ಇಟಲಿಯ ಜಿನೋವಾ ನಗರದ ಬಾವುಟವೂ ಇದೇ, ಬಿಳಿ ಮೇಲೆ ಕೆಂಪು. ಇಂಗ್ಲಿಷರು ನಮ್ಮ ಬಾವುಟವನ್ನು ಬಾಡಿಗೆಗೆ ತಗೊಂಡಿದ್ದರು ಎಂಬುದು ಅವರ ಹಳೇ ವಾದ. 2018ರಲ್ಲಿ ಅಲ್ಲಿನ ಮೇಯರ್, 247 ವರ್ಷದ ಬಾಕಿ ಇದೆ ಎಂದು ತಮಾಷೆಯಾಗಿ ಇಂಗ್ಲೆಂಡಿನ ರಾಣಿಗೆ ಪತ್ರ ಬರೆದರು.

ಕಡಲತಡಿ:
ನಮ್ಮ ನೌಕಾಪಡೆಗೆ ಬಾಡಿಗೆ ಕೇಳಲಿಲ್ಲ ಪುಣ್ಯ 😄 ನಾವೂ ಅದನ್ನು ಹಾರಿಸಿದವರೇ. ಸ್ವಲ್ಪ ಕೆಲಸ ಇದೆ, ರಾತ್ರಿ ಬಂದು ಬರೆಯುತ್ತೇನೆ.

ಮಲೆನಾಡ ಮಳೆ:
ಅಜ್ಜ, ಪಡುವಣ ಗಾಳಿ, ತುಂಬಾ ಥ್ಯಾಂಕ್ಸ್. ಕಪ್ಪು ಬಟ್ಟೆ ತುಂಡಿನ ವಿಷಯ ಮಗಳಿಗೆ ಮೋಡಕ್ಕಿಂತ ಜಾಸ್ತಿ ಹಿಡಿಸಿದೆ. ಈಗ ಹೊಸ ಪ್ರಶ್ನೆ. ಬ್ರಿಟನ್ನಿನ ಬಾವುಟ ಯೂನಿಯನ್ ಜಾಕ್‌ನಲ್ಲಿ ನಮ್ಮ ಇಂಟು ಮಾರ್ಕ್ ಯಾಕೆ ಕೆಳಗೆ ಹೋಗಿದೆ? "ನಮ್ಮ" ಅನ್ನುತ್ತಾಳೆ ನೋಡಿ!

ಕಾವೇರಿ ಮೇಷ್ಟ್ರು:
ಅವಳೊಬ್ಬಳೇ ಅಲ್ಲಮ್ಮ ಕೇಳಿದ್ದು. 1606ರಲ್ಲೇ ಸ್ಕಾಟ್ ಹಡಗಿನವರು ಇದೇ ದೂರನ್ನು ರಾಜನಿಗೆ ಕೊಟ್ಟಿದ್ದರು.

1603ರಲ್ಲಿ ಸ್ಕಾಟ್ಲೆಂಡಿನ ರಾಜ ಜೇಮ್ಸ್‌ಗೆ ಇಂಗ್ಲೆಂಡಿನ ಕಿರೀಟವೂ ಸಿಕ್ಕಿತು. ರಾಜ ಒಬ್ಬನೇ, ರಾಜ್ಯ ಎರಡು. ಸಮುದ್ರದಲ್ಲಿ ಎರಡೂ ಕಡೆಯ ಹಡಗಿನವರಿಗೆ ಬಾವುಟದ ಜಗಳ. 1606ರ ಏಪ್ರಿಲ್ 12ರಂದು ರಾಜ ಹೊಸ ಬಾವುಟ ಹೊರಡಿಸಿದ. ನೀಲಿ ಮೇಲೆ ಬಿಳಿ ಇಂಟು, ಅದರ ಮೇಲೆ ಕೆಂಪು ಪ್ಲಸ್. ನಮ್ಮ ಶಿಲುಬೆ ಮೇಲೆ ಅವರದನ್ನು ಎಳೆದಿದ್ದೀರಿ ಎಂದು ಸ್ಕಾಟರಿಗೆ ಕೋಪ. ಇಂಟು ಮೇಲೆ, ಪ್ಲಸ್ ಕೆಳಗೆ ಇರುವ ತಮ್ಮದೇ ಒಂದು ಬಗೆಯನ್ನು ಸ್ವಲ್ಪ ಕಾಲ ಬಳಸಿದ್ದೂ ಇದೆ. ಅಜ್ಜ ಹೇಳಿದ ಯೂನಿಫಾರ್ಮ್ ಈಗ ಮಾನದ ಪ್ರಶ್ನೆ ಆಯ್ತು ನೋಡಿ.

1801ರ ಜನವರಿ 1ಕ್ಕೆ ಐರ್ಲೆಂಡ್ ಸೇರಿತು. ಸಂತ ಪ್ಯಾಟ್ರಿಕ್ ಹೆಸರಲ್ಲಿ ಬಿಳಿ ಮೇಲೆ ಕೆಂಪು ಇಂಟು ಬಂತು. ಪ್ಯಾಟ್ರಿಕ್ ಶಿಲುಬೆಯ ಮೇಲೆ ಸತ್ತವನೇ ಅಲ್ಲ, ಅವನಿಗೆಲ್ಲಿಯ ಶಿಲುಬೆ? 1783ರಲ್ಲಿ ಪ್ಯಾಟ್ರಿಕ್ ಹೆಸರಿನಲ್ಲಿ ರಾಜ ಕೊಡುವ ಗೌರವ ಪದವಿ ಶುರುಮಾಡಿದಾಗ ಆ ಗುರುತು ಹಾಕಿದರು. ಫಿಟ್ಜ್‌ಜೆರಾಲ್ಡ್ ಎಂಬ ದೊಡ್ಡ ಮನೆತನದ ಲಾಂಛನದಲ್ಲಿ ಅದೇ ಕೆಂಪು ಇಂಟು ಇತ್ತು, ಅಲ್ಲಿಂದಲೇ ತಂದರು ಎಂದು ಅನೇಕರು ಹೇಳುತ್ತಾರೆ.

ಈಗ ಎರಡು ಇಂಟು ಆದವು. ಒಂದರ ಮೇಲೊಂದು ಇಟ್ಟರೆ ಮತ್ತೆ ಜಗಳ. ಅದಕ್ಕೆ ಪ್ರತಿ ತೋಳನ್ನೂ ಉದ್ದಕ್ಕೆ ಸೀಳಿ ಪಕ್ಕಪಕ್ಕ ಇಟ್ಟರು, ಮಕ್ಕಳ ಗಿರಗಟ್ಟಲೆಯ ರೆಕ್ಕೆ ಹಾಗೆ. ಕಂಬದ ಕಡೆ ಅಗಲದ ಬಿಳಿ ಮೇಲಿರುತ್ತದೆ. ಮೊದಲು ಸೇರಿದ ಸ್ಕಾಟ್ಲೆಂಡಿಗೆ ಆ ಗೌರವ. ಹಾಗಾಗಿ ಈ ಬಾವುಟಕ್ಕೆ ಮೇಲೆ ಕೆಳಗೆ ಇದೆ.

ಸುಮ್ನೆ ಕೇಳ್ದೆ:
ಅಯ್ಯೋ ಮೇಷ್ಟ್ರೇ! ನಮ್ಮ ಆಫೀಸಿಗೆ ಲಂಡನ್‌ನಿಂದ ಗಿರಾಕಿ ಬಂದಾಗ ಬಾವುಟ ಕಟ್ಟಿದ್ದು ನಾನೇ. ಎರಡು ದಿನ ಹಾರಾಡಿತು. ಹೋಗುವಾಗ ಒಬ್ಬರು ನಗುತ್ತಾ, "ನೀವು ಆಪತ್ತಿನಲ್ಲಿದ್ದೀರಾ?" ಎಂದರು. ಉಲ್ಟಾ ಹಾರಿಸುವುದು ಆಪತ್ತಿನ ಸಂಕೇತವಂತೆ. ಅವತ್ತಿನ ತನಕ ಅದಕ್ಕೆ ತಲೆ ಯಾವುದು ಕಾಲು ಯಾವುದು ಅಂತಲೇ ಗೊತ್ತಿರಲಿಲ್ಲ. ವೇಲ್ಸ್ ಎಲ್ಲಿ ಹೋಯ್ತು?

ಕಾವೇರಿ ಮೇಷ್ಟ್ರು:
ವೇಲ್ಸನ್ನು ಎಂಟನೇ ಹೆನ್ರಿ ಕಾಲದಲ್ಲೇ ಕಾನೂನು ಮಾಡಿ ಇಂಗ್ಲೆಂಡಿಗೆ ಸೇರಿಸಿಬಿಟ್ಟಿದ್ದರು. ಬೇರೆ ರಾಜ್ಯವೆಂಬ ಲೆಕ್ಕಕ್ಕೇ ಬರಲಿಲ್ಲ. ಅವರ ಸಂತ ಡೇವಿಡ್‌ಗೆ ಕಪ್ಪು ಮೇಲೆ ಹಳದಿ ಶಿಲುಬೆ ಇದೆ. ಡ್ರ್ಯಾಗನ್ ಬಾವುಟದ ಮುಂದೆ ಅದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ನಮ್ಮೂರಿನ ಕಡೆಯ ಒಂದು ಮಾತು ಸೇರಿಸಲೇ? ನಾನು ಶ್ರೀರಂಗಪಟ್ಟಣದ ಹತ್ತಿರದವನು. ಶಾಲೆಯಲ್ಲಿ ಟಿಪ್ಪು ನಾಟಕ ಆಡಿಸಿದಾಗ ಮಕ್ಕಳು ಬ್ರಿಟಿಷರ ಕೈಗೆ ಈಗಿನ ಯೂನಿಯನ್ ಜಾಕ್ ಕೊಟ್ಟರು. ನಾನೂ ಗಮನಿಸಲಿಲ್ಲ. ಕೋಟೆ ಬಿದ್ದು ಟಿಪ್ಪು ಸತ್ತಿದ್ದು 1799ರ ಮೇ 4. ಕೆಂಪು ಇಂಟು ಬಂದಿದ್ದು 1801ಕ್ಕೆ. ಅವತ್ತಿನ ಬಾವುಟದಲ್ಲಿ ಇದ್ದದ್ದು ಬಿಳಿ ಇಂಟು, ಕೆಂಪು ಪ್ಲಸ್ ಎರಡೇ. ಮುಂದಿನ ವರ್ಷ ಸರಿ ಮಾಡಿದೆವು, ಬಿಳಿ ಬಣ್ಣ ಬಳಿದು.

ಇನ್ನೊಂದು. ಅವತ್ತು ದಾಳಿ ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಇದೇ ಶ್ರೀರಂಗಪಟ್ಟಣದಲ್ಲಿ 44 ತಿಂಗಳು ಸೆರೆಯಲ್ಲಿದ್ದವನು. ಅವನು ಹುಟ್ಟಿದ ನ್ಯೂಬಿತ್ ಇರುವುದು ಈಸ್ಟ್ ಲೋಥಿಯನ್‌ನಲ್ಲಿ. ಮಲೆನಾಡ ಮಳೆ ಅವರ ಮೋಡದ ಕಥೆ ನಡೆದಿದ್ದು ಎನ್ನುವ ಅಥೆಲ್‌ಸ್ಟೇನ್‌ಫರ್ಡ್ ಕೂಡ ಅದೇ ಜಿಲ್ಲೆಯ ಹಳ್ಳಿ!

ಪಡುವಣ ಗಾಳಿ:
ವಾಹ್. ಬೆಂಗಳೂರಿನವರಿಗೆ ಹತ್ತಿರದ್ದು ಬೇಕಾದರೆ ಕಬ್ಬನ್ ರಸ್ತೆಯ ಸಂತ ಆಂಡ್ರ್ಯೂ ಚರ್ಚ್ ಇದೆ. 1866ರದ್ದು. ದಂಡಿನ ಪ್ರದೇಶದ ಸ್ಕಾಟರಿಗಾಗಿ ಕಟ್ಟಿದ್ದು. ಅದಕ್ಕೇ ಆ ಹೆಸರು.

ಕಡಲತಡಿ:
ಬಂದೆ. ಕಾರವಾರ ನಮ್ಮೂರು. ನೌಕಾಪಡೆಯಲ್ಲಿ ಹದಿನೈದು ವರ್ಷಕ್ಕಿಂತ ಜಾಸ್ತಿ ಇದ್ದೆ. ಹಡಗಿನ ಹಿಂಬದಿಯಲ್ಲಿ ಹಾರುವುದಕ್ಕೆ ನಾವು ಎನ್‌ಸೈನ್ ಅನ್ನುತ್ತೇವೆ. 1950ರ ಜನವರಿ 26ರಿಂದ ಅದು ಹೀಗಿತ್ತು. ಬಿಳಿ ಬಟ್ಟೆ, ಉದ್ದಕ್ಕೂ ಅಡ್ಡಕ್ಕೂ ಕೆಂಪು ಜಾರ್ಜ್ ಶಿಲುಬೆ, ಕಂಬದ ಕಡೆ ಮೇಲಿನ ಮೂಲೆಯಲ್ಲಿ ತ್ರಿವರ್ಣ. ಬ್ರಿಟಿಷ್ ನೌಕಾಪಡೆಯದರಲ್ಲಿ ಆ ಮೂಲೆಯಲ್ಲಿ ಯೂನಿಯನ್ ಜಾಕ್ ಇರುತ್ತದೆ. ನಾವು ಮೂಲೆ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟುಕೊಂಡೆವು.

ನಿಜ ಹೇಳಬೇಕೆಂದರೆ ಸೇರಿದ ಹೊಸದರಲ್ಲಿ ಅದು ಯಾವ ಸಂತನ ಶಿಲುಬೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕಲರ್ಸ್, ಬಾವುಟ ಏರುತ್ತದೆ, ಸೆಲ್ಯೂಟ್. ಅದು ಹಡಗಿನ ಬಾವುಟ, ಅಷ್ಟೇ.

2001ರ ಆಗಸ್ಟ್ 15ಕ್ಕೆ ಶಿಲುಬೆ ತೆಗೆದರು. ಬಿಳಿ ಮೇಲೆ ನೀಲಿಯಲ್ಲಿ ನೌಕಾಪಡೆಯ ಲಾಂಛನ ಬಂತು. ಸಂತೋಷವೇ ಆಯ್ತು. ಆದರೆ ಸಮುದ್ರದಲ್ಲಿ ನೀಲಿ ಎಂಬುದು ಬಣ್ಣವೇ ಅಲ್ಲ ಸ್ವಾಮಿ! ಮೇಲೆ ನೀಲಿ, ಕೆಳಗೆ ನೀಲಿ, ನಡುವೆ ಆ ನೀಲಿ ಲಾಂಛನ. ದೂರದಿಂದ ಕಾಣುವುದಿಲ್ಲ ಎಂಬ ದೂರು ಬಂತು. 2004ರ ಏಪ್ರಿಲ್‌ನಲ್ಲಿ ಕೆಂಪು ಶಿಲುಬೆ ವಾಪಸ್. ಈ ಸಲ ನಡುವೆ ಅಶೋಕ ಲಾಂಛನ ಸೇರಿಸಿದರು. 2014ರಲ್ಲಿ ಅದರ ಕೆಳಗೆ ಸತ್ಯಮೇವ ಜಯತೆ ಸೇರಿತು.

ಕೊನೆಗೆ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಸೇವೆಗೆ ಸೇರಿದ ದಿನ ಪ್ರಧಾನಿ ಈಗಿನ ಎನ್‌ಸೈನ್ ಬಿಡುಗಡೆ ಮಾಡಿದರು. ಬಿಳಿ ಬಟ್ಟೆ, ಮೂಲೆಯಲ್ಲಿ ತ್ರಿವರ್ಣ, ಬಲಕ್ಕೆ ಚಿನ್ನದ ಅಂಚಿನ ನೀಲಿ ಎಂಟು ಮೂಲೆ, ಒಳಗೆ ಲಂಗರು, ಅಶೋಕ ಲಾಂಛನ, ಶಂ ನೋ ವರುಣಃ. ಎಂಟು ಮೂಲೆ ಬಂದಿದ್ದು ಶಿವಾಜಿಯ ಮುದ್ರೆಯಿಂದ.

ಸುಮ್ನೆ ಕೇಳ್ದೆ:
ಹಾಗಾದ್ರೆ ಅದು ಗುಲಾಮಗಿರಿಯ ಗುರುತು ಅಂತ ತೆಗೆದಿದ್ದು ಸರಿ ತಾನೇ? ಐವತ್ತು ವರ್ಷ ಯಾಕೆ ಸುಮ್ಮನಿದ್ದರೋ.

ಕಡಲತಡಿ:
ತೆಗೆದಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ಮಾತು. 1971ರಲ್ಲಿ ಕರಾಚಿಗೆ ಹೋದ ಹಡಗುಗಳ ಮೇಲೆ ಹಾರುತ್ತಿದ್ದದ್ದು ಕೆಂಪು ಶಿಲುಬೆಯ ಎನ್‌ಸೈನೇ. ಆ ಹುಡುಗರನ್ನು ಯಾರೂ ಗುಲಾಮರು ಅನ್ನಬಾರದು. ಬಟ್ಟೆ ಬ್ರಿಟಿಷರದ್ದು, ಅದರ ಕೆಳಗೆ ನಿಂತವರು ನಮ್ಮವರು.

ಅಂಚೆಚೀಟಿ ಅಜ್ಜ:
ಚೆನ್ನಾಗಿ ಹೇಳಿದಿರಿ ಸರ್. ಬದಲಾಯಿಸಿ ವಾಪಸ್ ಬಂದವರು ನಾವೊಬ್ಬರೇ ಅಲ್ಲ. ಪೀಟರ್ ದೊರೆ ರಷ್ಯಾದ ನೌಕಾಪಡೆಗೆ ಆಂಡ್ರ್ಯೂ ಶಿಲುಬೆ ಕೊಟ್ಟ. ಸ್ಕಾಟ್ಲೆಂಡಿನದಕ್ಕೆ ಪೂರ್ತಿ ತಿರುಗುಮುರುಗು, ಬಿಳಿ ಮೇಲೆ ನೀಲಿ ಇಂಟು. ಕ್ರಾಂತಿಯ ನಂತರ ಹೋಯಿತು, ಸೋವಿಯತ್ ಒಡೆದ ಮೇಲೆ 1992ರಲ್ಲಿ ಮತ್ತೆ ಬಂತು. ಸ್ಪೇನಿನ ಹಡಗುಗಳಲ್ಲಿ ಬಹಳ ಕಾಲ ಹಾರಿದ ಬರ್ಗಂಡಿ ಶಿಲುಬೆಯೂ ಆಂಡ್ರ್ಯೂದೇ. ಗೆಣ್ಣು ಗೆಣ್ಣಾದ ಎರಡು ಕೆಂಪು ಕೊಂಬೆ ಅಡ್ಡ ಇಟ್ಟ ಹಾಗೆ ಕಾಣುತ್ತದೆ, ಸೊಪ್ಪು ಸವರಿದ ಸೌದೆ ಥರ.

ಹೊಸ ಸದಸ್ಯ 27:
ಅಮೆರಿಕದಲ್ಲಿ ಗುಲಾಮಗಿರಿ ಪರ ಇದ್ದ ದಕ್ಷಿಣದವರ ಬಾವುಟದ ಇಂಟು ಕೂಡ ಸಂತ ಆಂಡ್ರ್ಯೂದಾ? ಜಮೈಕಾದ್ದು?

ಅಂಚೆಚೀಟಿ ಅಜ್ಜ:
ಹಾಗೆ ಹೇಳುವವರು ಇದ್ದಾರೆ, ನಾನು ಒಪ್ಪುವುದಿಲ್ಲ. 1861ರಲ್ಲಿ ವಿಲಿಯಂ ಪೋರ್ಚರ್ ಮೈಲ್ಸ್ ಎಂಬಾತ ಮೊದಲು ನೆಟ್ಟಗಿನ ಶಿಲುಬೆಯನ್ನೇ ಯೋಚಿಸಿದ್ದ. ಒಂದು ಧರ್ಮದ ಗುರುತನ್ನು ನಾಡಿನ ಗುರುತು ಮಾಡಬೇಡಿ ಎಂದು ದಕ್ಷಿಣ ಕೆರೊಲಿನಾದ ಯಹೂದಿಯೊಬ್ಬರು ಕೇಳಿಕೊಂಡರು. ಅದಕ್ಕೆ ಓರೆ ಮಾಡಿದ. ಓರೆಯಾದರೆ ಅದು ಚರ್ಚಿನದ್ದಲ್ಲ, ಲಾಂಛನದ್ದು ಎಂಬುದು ಅವನ ಲೆಕ್ಕ. ಅಂದರೆ ಸಂತನಿಂದ ದೂರ ಹೋಗಲೆಂದೇ ಹಾಕಿದ ಇಂಟು ಅದು! ಇಷ್ಟಾಗಿಯೂ ಅದು ಗುಲಾಮಗಿರಿಯ ನೆನಪು ಎಂಬುದಂತೂ ಹೋಗಲಿಲ್ಲ. ಮಿಸಿಸಿಪಿ ರಾಜ್ಯ ತನ್ನ ಬಾವುಟದಿಂದ ಅದನ್ನು ತೆಗೆದಿದ್ದು 2020ರಲ್ಲಿ. ಜಮೈಕಾದ ಚಿನ್ನದ ಇಂಟು 1962ರದ್ದು, ಅಲ್ಲಿ ಸಂತ ಯಾರೂ ಇಲ್ಲ.

ಮಲೆನಾಡ ಮಳೆ:
ಚಾರ್ಟ್ ಮುಗಿಯಿತು! ಮಗಳು ಮಧ್ಯೆ ಮೋಡ ಬರೆದು, ಪಕ್ಕದಲ್ಲಿ ಕಪ್ಪು ಬಟ್ಟೆ ತುಂಡು ಅಂಟಿಸಿದ್ದಾಳೆ. ನೀಲಿ ಯಾವುದು ಅಂತ ಮನೆಯಲ್ಲಿ ದೊಡ್ಡ ಜಗಳ. ಹುಡುಕಿದರೆ 2003ರಲ್ಲಿ ಇಲ್ಲಿನ ಸಂಸತ್ತಿನ ಸಮಿತಿಯೊಂದು ಪ್ಯಾಂಟೋನ್ 300 ಎಂಬ ಬಣ್ಣ ಬಳಸಿ ಎಂದು ಸೂಚಿಸಿದೆ. ಅಲ್ಲಿಯ ತನಕ ಒಬ್ಬೊಬ್ಬರದು ಒಂದೊಂದು ನೀಲಿ. ನಮ್ಮ ಬಣ್ಣದ ಪೆಟ್ಟಿಗೆಯಲ್ಲಿ ನೀಲಿ ಇದ್ದದ್ದು ಎರಡೇ, ತಿಳಿ ನೀಲಿ ತಗೊಂಡೆವು.

ಪಕ್ಕದ ಮನೆಯ ಇಂಗ್ಲಿಷ್ ಅಜ್ಜನಿಗೆ ಜಾರ್ಜ್ ಶಿಲುಬೆ ಬಗ್ಗೆ ಕೇಳಿದೆ. "1966ರ ವಿಶ್ವಕಪ್ ಫೈನಲ್‌ನಲ್ಲಿ ನಾವೆಲ್ಲ ಬೀಸಿದ್ದು ಯೂನಿಯನ್ ಜಾಕ್. ಕೆಂಪು ಪ್ಲಸ್ ಎಲ್ಲರ ಕೈಗೆ ಬಂದಿದ್ದು 1996ರ ಯೂರೋ ಟೂರ್ನಿಯಲ್ಲಿ" ಎಂದರು. ಇಷ್ಟು ಹಳೇ ಶಿಲುಬೆ ಜನರ ಕೈಗೆ ಬಂದಿದ್ದು ಫುಟ್‌ಬಾಲ್‌ನಿಂದ!

ಕಾವೇರಿ ಮೇಷ್ಟ್ರು:
ಮಗುವಿಗೆ ಶಹಬ್ಬಾಸ್ ಹೇಳಿ. ಆ ಹಳ್ಳಿಗೆ ಹೋದರೆ ಇಲ್ಲಿ ಬರೆಯಿರಿ.

ಮಲೆನಾಡ ಮಳೆ (ಏಳು ತಿಂಗಳ ನಂತರ):
ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಕೊನೆಗೂ ಅಥೆಲ್‌ಸ್ಟೇನ್‌ಫರ್ಡ್‌ಗೆ ಹೋಗಿಬಂದೆವು. ಎಡಿನ್‌ಬರಾದಿಂದ ಪೂರ್ವಕ್ಕೆ ಸುಮಾರು 20 ಮೈಲಿ, ಸುತ್ತ ಹೊಲ. ಚರ್ಚಿನ ಹಿಂದೆ 16ನೇ ಶತಮಾನದ ಒಂದು ಕಲ್ಲಿನ ಪಾರಿವಾಳದ ಮನೆ ಇದೆ. ಅದನ್ನೇ ಬಾವುಟದ ಕಥೆ ಹೇಳುವ ಜಾಗ ಮಾಡಿದ್ದಾರೆ. ಹೊರಗೆ ಕಂಬದಲ್ಲಿ ಬಾವುಟ ಯಾವಾಗಲೂ ಹಾರುತ್ತಿರುತ್ತದೆ.

ಜೂನ್ ತಿಂಗಳು, ಆಕಾಶ ನೀಲಿ ಇರುತ್ತದೆ ಅಂತ ಆಸೆಯಿಂದ ಹೋದೆವು. ಪೂರ್ತಿ ಬೂದಿ ಬಣ್ಣ, ಆಗುಂಬೆಯ ಮಳೆಗಾಲದ ಹಾಗೆ. ಮಗಳು ಹತ್ತು ನಿಮಿಷ ಕತ್ತೆತ್ತಿ ನೋಡಿ, "ಅಮ್ಮ, ಇವತ್ತು ಬಂದಿದ್ದರೆ ಆ ರಾಜ ಸೋಲುತ್ತಿದ್ದ" ಎಂದಳು.

ಕಡಲತಡಿ:
ಫೋಟೊ ಹಾಕಿ ತಂಗಿ. ನೀಲಿ ಎಷ್ಟು ಕಾಣುತ್ತದೆ ನೋಡೋಣ.